ಎರಡು ಕಾಲನಿಯ ಸ್ವಿಸ್ ಇಲಿ, ಡೋಸ್ ಒಂದೇ, ಕ್ಯಾಟಲೆಪ್ಸಿ ಅಜಗಜಾಂತರ. ಇದನ್ನು ಜೀನ್ ವ್ಯತ್ಯಾಸ ಎನ್ನಬಹುದೇ?

ಗುಳಿಗೆಪುರಾಣ:

ಎಲ್ಲರಿಗೂ ನಮಸ್ಕಾರ. ಎಂ.ಫಾರ್ಮ್ ಪ್ರಬಂಧಕ್ಕೆ ಹ್ಯಾಲೊಪೆರಿಡಾಲ್ (ಆಂಟಿಸೈಕೋಟಿಕ್, ಅಂದರೆ ತೀವ್ರ ಮನೋರೋಗದ ಔಷಧಿ) ಕೊಟ್ಟು ಕ್ಯಾಟಲೆಪ್ಸಿ (ಮೈ ಸೆಟೆದು, ಇಟ್ಟ ಭಂಗಿಯಲ್ಲೇ ಉಳಿಯುವುದು) ಅಳೆಯುವ ಮಾದರಿ ಇಟ್ಟುಕೊಂಡಿದ್ದೇನೆ. ಗಂಡು ಸ್ವಿಸ್ ಅಲ್ಬಿನೋ ಇಲಿಗಳು, ತೂಕ 22ರಿಂದ 28 ಗ್ರಾಂ. ಹ್ಯಾಲೊಪೆರಿಡಾಲ್ 1 ಮಿ.ಗ್ರಾಂ/ಕೆ.ಜಿ, ಐ.ಪಿ. (ಹೊಟ್ಟೆಯೊಳಕ್ಕೆ) ಚುಚ್ಚುಮದ್ದು. ಬಾರ್ ಟೆಸ್ಟ್ (ಮುಂಗಾಲು ಸರಳಿನ ಮೇಲಿಟ್ಟು, ಎಷ್ಟು ಹೊತ್ತಿಗೆ ಇಳಿಸುತ್ತದೆ ಎಂದು ನೋಡುವುದು) 30, 60, 90, 120ನೇ ನಿಮಿಷಕ್ಕೆ, ಕಟ್‌ಆಫ್ 180 ಸೆಕೆಂಡ್.

ಇಲಿಗಳು ಬಂದಿರುವುದು ಎರಡು ಕಡೆಯಿಂದ. ಮೊದಲ ಕಾಲನಿಯವು 60ನೇ ನಿಮಿಷಕ್ಕೆ ಹೆಚ್ಚುಕಡಿಮೆ ಎಲ್ಲವೂ ಮುಂಗಾಲನ್ನು ಸರಳಿನ ಮೇಲಿಟ್ಟು 180 ಸೆಕೆಂಡ್ ಪೂರ್ತಿ ಕೂರುತ್ತವೆ. ಎರಡನೆಯ ಕಾಲನಿಯವು 30–40 ಸೆಕೆಂಡಿಗೆ ಇಳಿದುಬಿಡುತ್ತವೆ, ಕೆಲವು ಇಟ್ಟ ಕೂಡಲೇ. ಇದನ್ನು "ಆಂಟಿಸೈಕೋಟಿಕ್ ಪ್ರತಿಕ್ರಿಯೆಯಲ್ಲಿ ತಳಿಭೇದ" ಎಂದು ಪ್ರಬಂಧದ ಒಂದು ಅಧ್ಯಾಯ ಮಾಡಬಹುದೆಂಬ ಸಲಹೆ ಬಂದಿದೆ. ಜೊತೆಗೆ ಸಿ57ಬಿಎಲ್/6 ಮತ್ತು ಬಾಲ್ಬ್/ಸಿ ಎಂಬ ತಳಿಗಳ ಇಲಿಗಳನ್ನೂ ಸೇರಿಸು ಎನ್ನುತ್ತಿದ್ದಾರೆ. ಈ ವ್ಯತ್ಯಾಸ ನಿಜಕ್ಕೂ ಜೀನಿನದ್ದೇ ಎಂದು ತೋರಿಸಲು ಏನೇನು ಮಾಡಬೇಕು? ಯಾವ ಜೀನ್ ಎಂದು ಈಗಾಗಲೇ ಯಾರಾದರೂ ಹುಡುಕಿದ್ದಾರೆಯೇ? ತಿಳಿದವರು ಸ್ವಲ್ಪ ವಿವರವಾಗಿ ಹೇಳಿದರೆ ಉಪಕಾರ.

ಬೀಕರ್_ಭಟ್ಟ:

ಜೀನಿನ ಮಾತಿಗೆ ಹೋಗುವ ಮುಂಚೆ ದ್ರಾವಣ ನೋಡಿ. ಇಂಥ ಹತ್ತು ಪ್ರಕರಣದಲ್ಲಿ ಅರ್ಧ ಇಲ್ಲೇ ಮುಗಿಯುತ್ತವೆ.

ಹ್ಯಾಲೊಪೆರಿಡಾಲ್ ಪುಡಿ ಬರೀ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಆಮ್ಲ ಬೇಕು. ಕೆಲವೇ ಹನಿ ಗ್ಲೇಶಿಯಲ್ ಅಸಿಟಿಕ್ ಆಮ್ಲ ಅಥವಾ 1% ಲ್ಯಾಕ್ಟಿಕ್ ಆಮ್ಲದಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ ಪೂರ್ತಿ ಕರಗಿಸಿ, ಆಮೇಲೆ ಸಲೈನ್ ಅಥವಾ 5% ಡೆಕ್ಸ್‌ಟ್ರೋಸ್ ಸೇರಿಸಿ ಪ್ರಮಾಣಕ್ಕೆ ತನ್ನಿ. ಪಿಎಚ್ ತೀರಾ ಕಡಿಮೆಯಿದ್ದರೆ ಹೊಟ್ಟೆಯ ಒಳಪದರ ಉರಿದು ಇಲಿ ಮುದುರಿ ಕೂರುತ್ತದೆ. ನೋವಿಗೆ ಮುದುರಿದ್ದನ್ನು ಕ್ಯಾಟಲೆಪ್ಸಿ ಎಂದು ಎಣಿಸುವ ಅಪಾಯ ಇದು. ಅದಕ್ಕೇ ದುರ್ಬಲ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಹಾಕಿ 5ರಿಂದ 5.5ರ ಹತ್ತಿರ ತನ್ನಿ. 6 ದಾಟಿಸಲು ಹೋದರೆ ಔಷಧಿ ಮತ್ತೆ ಹರಳುಗಟ್ಟಿ ತಳ ಸೇರುತ್ತದೆ, ಒಮ್ಮೊಮ್ಮೆ ತೆಳು ಮಸುಕಾಗಿ ಮಾತ್ರ ಕಾಣುತ್ತದೆ. ಹಾಗೆ ಮಸುಕಾದ ಬಾಟಲಿಯಿಂದ ಮೊದಲು ಸಿರಿಂಜಿಗೆ ಎಳೆದ ಇಲಿಗೆ ಒಂದು ಡೋಸ್, ಕೊನೆಯದಕ್ಕೆ ಇನ್ನೊಂದು. ಒಂದು ಕಾಲನಿಯ ಇಲಿಗಳಿಗೆಲ್ಲ ಮೊದಲು ಚುಚ್ಚಿ, ಆಮೇಲೆ ಇನ್ನೊಂದಕ್ಕೆ ಚುಚ್ಚಿದ್ದರೆ ನಿಮ್ಮ "ತಳಿಭೇದ" ಅಲ್ಲೇ ಹುಟ್ಟಿರಬಹುದು.

ಆಸ್ಪತ್ರೆಯ ಆಂಪ್ಯೂಲ್ ಬಳಸುವವರಿಗೆ ಲೆಕ್ಕ ಸುಲಭ. 5 ಮಿ.ಗ್ರಾಂ/ಮಿ.ಲೀ ಇರುವ ಲ್ಯಾಕ್ಟೇಟ್ ಇಂಜೆಕ್ಷನ್ 0.2 ಮಿ.ಲೀ ತೆಗೆದು 9.8 ಮಿ.ಲೀ ದ್ರವಕ್ಕೆ ಸೇರಿಸಿದರೆ 0.1 ಮಿ.ಗ್ರಾಂ/ಮಿ.ಲೀ ಆಗುತ್ತದೆ. ಇದನ್ನು 10 ಮಿ.ಲೀ/ಕೆ.ಜಿ ಲೆಕ್ಕದಲ್ಲಿ ಕೊಟ್ಟರೆ 25 ಗ್ರಾಂ ಇಲಿಗೆ 0.25 ಮಿ.ಲೀ, ಅಂದರೆ 1 ಮಿ.ಗ್ರಾಂ/ಕೆ.ಜಿ. ಡೋಸ್ ಬದಲಾದರೂ ಚುಚ್ಚುವ ಪ್ರಮಾಣ ಬದಲಾಗಬಾರದು, ಪ್ರತಿ ಡೋಸಿಗೂ ಬೇರೆ ಸಾಂದ್ರತೆಯ ದ್ರಾವಣ ಮಾಡಿಕೊಳ್ಳಿ. ಅಂದಂದಿನ ದ್ರಾವಣ ಅಂದಂದಿಗೆ, ಬೆಳಕು ಬೀಳದ ಬಾಟಲಿಯಲ್ಲಿ. ಆಂಪ್ಯೂಲಿನ ಮೇಲೆ "ಡೆಕನೋಯೇಟ್" ಎಂದಿದ್ದರೆ ಅದು ಎಳ್ಳೆಣ್ಣೆಯಲ್ಲಿರುವ, ವಾರಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುವ ರೂಪ. ಒಂದು ಗಂಟೆಯ ಪರೀಕ್ಷೆಗೆ ಅದು ಕೆಲಸಕ್ಕೆ ಬಾರದು.

ಇನ್ನು ಸರಳಿನ ವಿಷಯ. ಇಲಿಗೆ 4ರಿಂದ 4.5 ಸೆಂ.ಮೀ ಎತ್ತರ, ದೊಡ್ಡ ಜಾತಿಯ ವಿಸ್ಟಾರ್ ರ‍್ಯಾಟ್‌ಗೆ 9–10 ಸೆಂ.ಮೀ. ಸರಳು ಜಾರಬಾರದು. ಹಿಂಗಾಲು ನೆಲದ ಮೇಲೆ, ಮುಂಗಾಲೆರಡೂ ಸರಳಿನ ಮೇಲೆ. ಒಂದು ಮುಂಗಾಲು ಇಳಿಸಿದರೆ ಮುಗಿಯಿತೋ ಅಥವಾ ಎರಡೂ ಇಳಿಯಬೇಕೋ ಎಂಬುದನ್ನು ಮೊದಲೇ ಬರೆದಿಡಿ. ತಲೆ ತಿರುಗಿಸಿ ಸುತ್ತ ನೋಡುವುದನ್ನು ಎಣಿಸುತ್ತೀರೋ ಇಲ್ಲವೋ ಎಂಬುದನ್ನೂ. ಸೆಕೆಂಡ್ ಎಣಿಸುವವರಿಗೆ ಯಾವ ಇಲಿ ಯಾವ ಕಾಲನಿಯದು ಎಂದು ಗೊತ್ತಿರಬಾರದು. ಎರಡೂ ಬಿಳಿ ಇಲಿಗಳಾದ್ದರಿಂದ ನಿಮಗೆ ಇದು ಸಾಧ್ಯವಿದೆ. ಕಪ್ಪು ಸಿ57 ಬಂದ ಮೇಲೆ ಆ ಅನುಕೂಲ ಇರುವುದಿಲ್ಲ.

ಇವೆಲ್ಲ ಸರಿಯಿದ್ದೂ ವ್ಯತ್ಯಾಸ ಉಳಿದರೆ ಮಾತ್ರ ಮುಂದಿನ ಚರ್ಚೆ.

ಕ್ರೋಮೋಸೋಮ್_ಕಟ್ಟೆ:

ಭಟ್ಟರು ಹೇಳಿದ್ದಕ್ಕೆ ನನ್ನ ಸಹಮತವಿದೆ. ಜೀನಿನ ಭಾಗ ನಾನು ಹೇಳುತ್ತೇನೆ.

ಮೊದಲನೆಯದಾಗಿ, "ಸ್ವಿಸ್ ಅಲ್ಬಿನೋ" ಒಳಸಂಕರಣದಿಂದ (ಒಡಹುಟ್ಟಿದವನ್ನೇ ತಲೆಮಾರುಗಟ್ಟಲೆ ಕೂಡಿಸಿ) ಸ್ಥಿರವಾದ ತಳಿಯಲ್ಲ, ಸಂಬಂಧವಿಲ್ಲದವನ್ನು ಕೂಡಿಸಿ ಬೆಳೆಸುವ ಔಟ್‌ಬ್ರೆಡ್ ಗುಂಪು. ಒಂದೇ ಪಂಜರದ ಎರಡು ಇಲಿಗಳ ಜೀನೋಮ್ ಕೂಡ ಒಂದೇ ಆಗಿರುವುದಿಲ್ಲ. ಕೆಲವೇ ಜೋಡಿಗಳಿಂದ ಶುರುವಾಗಿ ವರ್ಷಾನುಗಟ್ಟಲೆ ತನ್ನಷ್ಟಕ್ಕೆ ಬೆಳೆದ ಕಾಲನಿಯಲ್ಲಿ ಅಲೀಲ್‌ಗಳ (ಒಂದೇ ಜೀನಿನ ಬೇರೆಬೇರೆ ರೂಪಗಳ) ಪ್ರಮಾಣ ಆಕಸ್ಮಿಕವಾಗಿಯೇ ಒಂದು ಕಡೆಗೆ ವಾಲುತ್ತದೆ. ಹಾಗಾಗಿ ಎರಡು ಕಡೆಯ ಸ್ವಿಸ್ ಇಲಿಗಳು ಬೇರೆಬೇರೆಯಾಗಿ ವರ್ತಿಸುವುದು ಆಶ್ಚರ್ಯವೇನಲ್ಲ. ಆದರೆ ಅದು ತಳಿಭೇದ ಅಲ್ಲ, ಕಾಲನಿಭೇದ. ಅದರೊಳಗೆ ಜೀನ್ ಎಷ್ಟು, ಆಹಾರ, ತಾಯಿಯ ಪೋಷಣೆ, ಕರುಳಿನ ಸೂಕ್ಷ್ಮಜೀವಿ, ಲಾರಿಯಲ್ಲಿ ಬಂದ ಆಯಾಸ ಎಷ್ಟು ಎಂದು ಬಿಡಿಸಲು ನಿಮ್ಮ ಹತ್ತಿರವಿರುವ ಅಂಕಿಗಳಿಂದ ಆಗದು.

ಈಗ ಗೊತ್ತಿರುವ ಸಂಗತಿಗಳು. ಹ್ಯಾಲೊಪೆರಿಡಾಲ್ ಕ್ಯಾಟಲೆಪ್ಸಿಗೆ ಇಲಿ ತಳಿಗಳ ನಡುವೆ ದೊಡ್ಡ ಅಂತರವಿದೆ ಎಂಬುದು ಹಳೆಯ, ಗಟ್ಟಿಯಾದ ಫಲಿತಾಂಶ. ಡಿಬಿಎ/2ಜೆ ತಳಿ ತುಂಬ ಸೂಕ್ಷ್ಮ, ಸಿ57ಬಿಎಲ್/6ಜೆ ಹಲವು ಪಟ್ಟು ಹೆಚ್ಚು ಡೋಸ್ ತಡೆದುಕೊಳ್ಳುತ್ತದೆ. ಅಮೆರಿಕದ ರಾಬರ್ಟ್ ಹಿಟ್ಜ್‌ಮನ್ ಅವರ ತಂಡ 1990ರ ದಶಕದಲ್ಲಿ ಇದರ ಬೆನ್ನು ಹತ್ತಿತು. ಬೆರಕೆ ಮೂಲದ ಇಲಿಗಳಲ್ಲಿ ಬೇಗ ಸೆಟೆದುಕೊಳ್ಳುವವನ್ನು ಅಂಥವುಗಳ ಜೊತೆಯಲ್ಲೇ, ಸೆಟೆದುಕೊಳ್ಳದವನ್ನು ಅಂಥವುಗಳ ಜೊತೆಯಲ್ಲೇ ಕೂಡಿಸುತ್ತ ಹೋದಾಗ ಕೆಲವು ತಲೆಮಾರುಗಳಲ್ಲಿ "ಪ್ರತಿಕ್ರಿಯಿಸುವ" ಮತ್ತು "ಪ್ರತಿಕ್ರಿಯಿಸದ" ಎರಡು ಸಾಲುಗಳು ಬೇರ್ಪಟ್ಟವು. ಆಯ್ಕೆಗೆ ಫಲ ಸಿಕ್ಕಿತು ಎಂದರೆ ಗುಣ ಆನುವಂಶಿಕ ಎಂಬುದಕ್ಕೆ ಅದಕ್ಕಿಂತ ನೇರ ಪುರಾವೆ ಬೇಡ.

ಆಮೇಲೆ ಸಿ57 ಮತ್ತು ಡಿಬಿಎ ಬೆರಕೆಗಳಲ್ಲಿ ಕ್ಯುಟಿಎಲ್ ನಕ್ಷೆ (ಗುಣದ ಏರಿಳಿತಕ್ಕೆ ಕಾರಣವಾದ ತಾಣ ಯಾವ ಕ್ರೋಮೋಸೋಮಿನಲ್ಲಿ ಎಲ್ಲಿದೆ ಎಂಬ ಹುಡುಕಾಟ) ಮಾಡಿದಾಗ 9ನೇ ಕ್ರೋಮೋಸೋಮ್‌ನಲ್ಲಿ, ಡೋಪಮೀನ್ ಡಿ2 ರಿಸೆಪ್ಟರ್ (ಹ್ಯಾಲೊಪೆರಿಡಾಲ್ ಹೋಗಿ ಕೂರುವ ಜಾಗ) ಜೀನ್ ಇರುವ ಆಸುಪಾಸಿನಲ್ಲೇ ಒಂದು ತಾಣ ಸಿಕ್ಕಿತು. 14ನೇ ಕ್ರೋಮೋಸೋಮ್‌ನಲ್ಲಿ ಇನ್ನೊಂದು, ಅದು ಸೆರೊಟೋನಿನ್ 2ಎ ರಿಸೆಪ್ಟರ್ ಜೀನಿನ ಕಡೆ. ಇಲ್ಲಿ ಆತುರ ಬೇಡ. "ಆಸುಪಾಸು" ಎಂದರೆ ನೂರಾರು ಜೀನ್‌ಗಳು. ಪರಿಚಿತ ಜೀನ್ ಅಲ್ಲೇ ಇದೆ ಎಂದ ಮಾತ್ರಕ್ಕೆ ಅದೇ ಕಾರಣ ಎಂದು ಬರೆದವರು ಬಹಳ. ವೈವಾದಲ್ಲಿ ಇದನ್ನು ಕೆದಕುತ್ತಾರೆ.

ಒಂದೊಂದೇ ಜೀನ್ ಅಳಿಸಿ ನೋಡಿದ ಕೆಲಸಗಳು ಇನ್ನೂ ಸ್ಪಷ್ಟ. ಡಿ2 ರಿಸೆಪ್ಟರ್ ಇಲ್ಲದ ನಾಕೌಟ್ ಇಲಿಗೆ ಹ್ಯಾಲೊಪೆರಿಡಾಲ್ ಕೊಟ್ಟರೆ ಕ್ಯಾಟಲೆಪ್ಸಿ ಬರುವುದಿಲ್ಲ. ಡಿ3 ಇಲ್ಲದ ಇಲಿಗೆ ಬರುತ್ತದೆ. 2000ದಲ್ಲಿ ಪ್ರಕಟವಾದ ಈ ಫಲಿತಾಂಶ ಗುರಿ ಯಾವುದೆಂಬ ಚರ್ಚೆಯನ್ನು ಮುಗಿಸಿತು. ರಿಸೆಪ್ಟರಿನಿಂದ ಕೆಳಗಿನ ಸರಪಳಿಯೂ ಮುಖ್ಯ: ಪ್ರೋಟೀನ್ ಕೈನೇಸ್ ಎ ಕಿಣ್ವದ ಆರ್2-ಬೀಟಾ ಉಪಘಟಕ ಇಲ್ಲದ ಇಲಿಗಳಲ್ಲಿ ಕ್ಯಾಟಲೆಪ್ಸಿ ಕಾಣಿಸಲಿಲ್ಲ, ಫಿನ್ ಎಂಬ ಟೈರೋಸಿನ್ ಕೈನೇಸ್ ಇಲ್ಲದವುಗಳಲ್ಲೂ ಕುಗ್ಗಿತು. ಅಂದರೆ ಔಷಧಿ ಕೂರುವ ಜಾಗ ಒಂದೇ ಇದ್ದರೂ ಅದು ವರ್ತನೆಯಾಗುವಷ್ಟರಲ್ಲಿ ದಾರಿಯಲ್ಲಿ ಹಲವು ಜೀನ್‌ಗಳು ಕೈಯಾಡಿಸುತ್ತವೆ.

ದೀರ್ಘಕಾಲದ ಡೋಸ್‌ಗೆ ಬೇರೆ ಅಧ್ಯಯನವಿದೆ. 2012ರಲ್ಲಿ ಪ್ರಕಟವಾದ ಅದರಲ್ಲಿ 27 ತಳಿಗಳ 159 ಇಲಿಗಳಿಗೆ ಚರ್ಮದಡಿ ಇಡುವ ಗುಳಿಗೆಯಿಂದ ದಿನಕ್ಕೆ 3 ಮಿ.ಗ್ರಾಂ/ಕೆ.ಜಿ ಹ್ಯಾಲೊಪೆರಿಡಾಲ್ ಕೊಟ್ಟು, ಬಾಯಲ್ಲಿ ಏನೂ ಇಲ್ಲದೆ ಅಗಿಯುವಂತೆ ದವಡೆ ಆಡಿಸುವ ಚಲನೆಗಳನ್ನು ಎಣಿಸಿದರು. ಮನುಷ್ಯರ ಟಾರ್ಡಿವ್ ಡಿಸ್ಕೈನೀಶಿಯಾಕ್ಕೆ (ಈ ಔಷಧಿಗಳನ್ನು ಬಹುಕಾಲ ತೆಗೆದುಕೊಂಡವರಲ್ಲಿ ಬರುವ ಅನೈಚ್ಛಿಕ ಚಲನೆ) ಇಲಿಗಳಲ್ಲಿ ಅದೇ ಸಾದೃಶ್ಯ. ತಳಿಗಳ ನಡುವಿನ ಅಂತರ ದೊಡ್ಡದು, ಆನುವಂಶಿಕತೆ ಹೆಚ್ಚು. ಜಾಕ್ಸನ್ ಲ್ಯಾಬಿನ ಮೌಸ್ ಫಿನೋಮ್ ಡೇಟಾಬೇಸ್‌ನಲ್ಲಿ ಇಂಥ ತಳಿವಾರು ಅಂಕಿಗಳು ಉಚಿತವಾಗಿ ಸಿಗುತ್ತವೆ. ಇಲಿ ಕೊಳ್ಳುವ ಮುಂಚೆ ಒಂದು ಸಂಜೆ ಅಲ್ಲಿ ಕಳೆಯಿರಿ.

ಸಿ57ಬಿಎಲ್/6 ತರುವಾಗ ಒಂದು ಎಚ್ಚರಿಕೆ. ಹೆಸರಿನ ಕೊನೆಯ ಅಕ್ಷರಗಳನ್ನು ಬಿಡಬೇಡಿ. 6ಜೆ ಬೇರೆ, 6ಎನ್ ಬೇರೆ. 6ಎನ್‌ನಲ್ಲಿ ಸಿವೈಎಫ್‌ಐಪಿ2 ಎಂಬ ಜೀನಿನಲ್ಲಿ ಒಂದು ರೂಪಾಂತರವಿದ್ದು ಅದರಿಂದಲೇ ಕೊಕೇನ್‌ಗೆ ಅವುಗಳ ಪ್ರತಿಕ್ರಿಯೆ ಕಡಿಮೆ ಎಂದು 2013ರಲ್ಲಿ ತೋರಿಸಲಾಯಿತು. ಡೋಪಮೀನ್ ವ್ಯವಸ್ಥೆಯ ಪ್ರಯೋಗಕ್ಕೆ ಇದು ಸಣ್ಣ ವಿಷಯವಲ್ಲ. ಇನ್ನು "6ಜೆಓಲಾಎಚ್‌ಎಸ್‌ಡಿ" ಎಂಬ ಉಪತಳಿಯಲ್ಲಿ ಆಲ್ಫಾ-ಸಿನ್ಯೂಕ್ಲೀನ್ ಜೀನೇ ಪೂರ್ತಿ ಅಳಿಸಿಹೋಗಿದೆ. ಪಾರ್ಕಿನ್ಸನ್ ಕಾಯಿಲೆಯ ಪ್ರೋಟೀನೇ ಇಲ್ಲದ ಇಲಿಯಲ್ಲಿ ಪಾರ್ಕಿನ್ಸನ್ ತರಹದ ಅಡ್ಡಪರಿಣಾಮ ಅಳೆಯುತ್ತಿದ್ದೇವೆಂದು ಗೊತ್ತಿಲ್ಲದೆ ಎಷ್ಟು ಪ್ರಬಂಧ ಬಂದಿವೆಯೋ! ಬಾಲ್ಬ್/ಸಿಜೆ ಮತ್ತು ಡಿಬಿಎ/2ಜೆ ಎರಡರಲ್ಲೂ ಮಿದುಳಿನ ಸೆರೊಟೋನಿನ್ ತಯಾರಿಸುವ ಟಿಪಿಎಚ್2 ಕಿಣ್ವದ ಮಂದ ರೂಪವಿದೆ, ಸಿ57ನಲ್ಲಿ ಚುರುಕು ರೂಪ. ರಿಸ್ಪೆರಿಡೋನ್, ಕ್ಲೋಜಪೀನ್‌ಗಳಂತೆ ಸೆರೊಟೋನಿನ್ ರಿಸೆಪ್ಟರನ್ನೂ ಮುಟ್ಟುವ ಔಷಧಿ ಹೋಲಿಸುವಾಗ ಇದು ನೆನಪಿರಲಿ.

ಗೋಮಾಳ_ಡಾಕ್ಟ್ರು:

ಪಶುವೈದ್ಯಕೀಯದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಆಂಟಿಸೈಕೋಟಿಕ್ ವರ್ಗದ ಔಷಧಿ ದಿನಬಳಕೆಯದೇ. ಅಸಿಪ್ರೊಮಜೀನ್ ಫಿನೋಥಯಜೀನ್ ಗುಂಪಿನದು, ಡಿ2 ತಡೆಯುತ್ತದೆ. ಕೋಲಿ ಮತ್ತು ಅದಕ್ಕೆ ಹತ್ತಿರದ ಕುರಿಕಾಯುವ ನಾಯಿ ತಳಿಗಳಲ್ಲಿ ಎಬಿಸಿಬಿ1 ಜೀನಿನಲ್ಲಿ 4 ಬೇಸ್ ಜೋಡಿ ಬಿಟ್ಟುಹೋಗಿರುವುದು 2001ರಲ್ಲಿ ಪತ್ತೆಯಾಯಿತು. ಆ ಜೀನ್ ಮಾಡುವ ಪಿ-ಗ್ಲೈಕೋಪ್ರೋಟೀನ್ ಮಿದುಳಿನ ರಕ್ತನಾಳದ ಗೋಡೆಯಲ್ಲಿ ನಿಂತು ಔಷಧಿಯನ್ನು ಹೊರತಳ್ಳುವ ಪಂಪು. ಅದು ಕೆಟ್ಟ ನಾಯಿಗೆ ಮಾಮೂಲಿ ಡೋಸ್ ಕೊಟ್ಟರೆ ಮಂಪರು ಆಳವಾಗಿ, ಬಹಳ ಹೊತ್ತು ಉಳಿಯುತ್ತದೆ. ಎರಡೂ ಪ್ರತಿ ಕೆಟ್ಟಿದ್ದರೆ ಡೋಸ್ 30ರಿಂದ 50% ಇಳಿಸಿ, ಒಂದೇ ಕೆಟ್ಟಿದ್ದರೆ 25% ಇಳಿಸಿ ಎಂಬುದು ಚಾಲ್ತಿಯಲ್ಲಿರುವ ಶಿಫಾರಸು. ಇಲ್ಲಿ ರಿಸೆಪ್ಟರ್ ಜೀನಿಗೂ ವರ್ತನೆಯ ಬದಲಾವಣೆಗೂ ಸಂಬಂಧವೇ ಇಲ್ಲ ಎಂಬುದನ್ನು ಗಮನಿಸಿ.

ಇಲಿಗಳಲ್ಲೂ ಇದೇ ಕಥೆ. ಸಿಎಫ್-1 ಎಂಬ ಔಟ್‌ಬ್ರೆಡ್ ಇಲಿ ಗುಂಪಿನಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಈ ಪಂಪು ಇಲ್ಲ. ರಿಸ್ಪೆರಿಡೋನ್ ಈ ಪಂಪಿಗೆ ಸಿಗುವ ಔಷಧಿ, ಪಂಪು ಅಳಿಸಿದ ಇಲಿಗಳ ಮಿದುಳಲ್ಲಿ ಅದು ಹಲವು ಪಟ್ಟು ಏರುತ್ತದೆ. ಹ್ಯಾಲೊಪೆರಿಡಾಲ್‌ಗೆ ಅಷ್ಟು ಫರಕು ಬೀಳುವುದಿಲ್ಲ.

ಇನ್ನೊಂದು: ಎರಡೂ ಕಾಲನಿಯವರನ್ನು "ಇತ್ತೀಚೆಗೆ ಉಣ್ಣಿ, ಹುಳಕ್ಕೆ ಐವರ್‌ಮೆಕ್ಟಿನ್ ಹಾಕಿದ್ದೀರಾ" ಎಂದು ಕೇಳಿ. ನೀರಿನಲ್ಲೋ ಆಹಾರದಲ್ಲೋ ಕೊಟ್ಟು ಮರೆತಿರುತ್ತಾರೆ. ವರ್ತನೆಯ ಪ್ರಯೋಗಕ್ಕೆ ಕೆಲವು ವಾರ ಬಿಡುವು ಬೇಕು.

ಗುಳಿಗೆಪುರಾಣ:

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಧನ್ಯವಾದ. ದ್ರಾವಣ ಆಂಪ್ಯೂಲಿನದು, ಲ್ಯಾಕ್ಟೇಟ್ ರೂಪವೇ, ತಿಳಿಯಾಗಿಯೇ ಇರುತ್ತದೆ. ಆದರೆ ಒಂದೊಂದು ಕಾಲನಿಗೆ ಬೇರೆಬೇರೆ ದಿನ ಪರೀಕ್ಷೆ ನಡೆದಿದೆ.

ಡಿಬಿಎ/2 ಸಿಗುವುದು ಕಷ್ಟ. ಸಿ57ಬಿಎಲ್/6 ಮತ್ತು ಬಾಲ್ಬ್/ಸಿ ಸಿಗುತ್ತವೆ. ಈ ಎರಡೇ ತಳಿಯಿಂದ "ಆನುವಂಶಿಕ" ಎನ್ನಲು ಸಾಕೇ? ಎಷ್ಟು ಇಲಿ ಬೇಕು? ಮತ್ತೆ, 1 ಮಿ.ಗ್ರಾಂ ಡೋಸ್ ಸರಿಯೇ? ಹಳೆಯ ಪ್ರಬಂಧಗಳಲ್ಲೆಲ್ಲ ಅದೇ ಇದೆ. ಹೋಲಿಕೆಗೆ ಕ್ಲೋಜಪೀನ್ ಕೂಡ ಇಡಬೇಕೆಂದಿದೆ.

ಕ್ರೋಮೋಸೋಮ್_ಕಟ್ಟೆ:

ದಿನ ಬೇರೆಯಾಗಿದ್ದರೆ ಆ ದತ್ತಾಂಶದಿಂದ ಕಾಲನಿಭೇದವನ್ನೂ ಹೇಳಲಾಗದು. ದಿನದ ಪ್ರಭಾವ, ಕಾಲನಿಯ ಪ್ರಭಾವ ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ. ಯಾವ ಅಂಕಿಅಂಶ ಪರೀಕ್ಷೆಯೂ ಬಿಡಿಸಿಕೊಡದು. ಪ್ರತಿ ದಿನವೂ ಪ್ರತಿ ಗುಂಪಿನ ಕೆಲವು ಇಲಿಗಳು ಇರುವ ಹಾಗೆ ಮತ್ತೆ ಮಾಡಬೇಕು. ಇಲಿಗಳು ಬಂದ ಮೇಲೆ ಕನಿಷ್ಠ ಒಂದು ವಾರ ಒಂದೇ ಕೋಣೆ, ಒಂದೇ ಆಹಾರ.

ಎರಡೇ ಒಳಸಂಕರಣ ತಳಿ ಒಂದೇ ಕೋಣೆಯಲ್ಲಿ ಬೆಳೆದು ಬೇರೆಬೇರೆ ಪ್ರತಿಕ್ರಿಯೆ ಕೊಟ್ಟರೆ, ಇವೆರಡರ ನಡುವೆ ಆನುವಂಶಿಕ ವ್ಯತ್ಯಾಸ ಇದೆ ಎಂಬಷ್ಟು ಹೇಳಬಹುದು. ಯಾವ ಜೀನ್ ಎಂದು ಹೇಳಲಾಗದು. ಎರಡರ ನಡುವೆ ಲಕ್ಷಾಂತರ ಕಡೆ ಅಕ್ಷರ ಬೇರೆ, ಆ ಪೈಕಿ ನಿಮಗಿಷ್ಟವಾದ ಒಂದನ್ನು ಎತ್ತಿ ತೋರಿಸುವಂತಿಲ್ಲ. "ಸಿ57ನಲ್ಲಿ ಟಿಪಿಎಚ್2 ಚುರುಕು, ಕ್ಯಾಟಲೆಪ್ಸಿ ಕಡಿಮೆ, ಆದ್ದರಿಂದ..." ಎಂಬ ವಾಕ್ಯ ನಿಮ್ಮ ಚರ್ಚೆಯ ಭಾಗದಲ್ಲಿ ಕಂಡರೆ ಪರೀಕ್ಷಕರು ಕೆಂಪು ಗೆರೆ ಎಳೆಯುವುದು ನ್ಯಾಯವೇ.

ಒಂದು ಹೆಜ್ಜೆ ಮುಂದೆ ಹೋಗಬೇಕೆಂದರೆ ಎರಡೂ ದಿಕ್ಕಿನ ಎಫ್1 (ಮೊದಲ ತಲೆಮಾರಿನ ಬೆರಕೆ ಮರಿಗಳು) ಮಾಡಿ. ಅಂದರೆ ತಾಯಿ ಸಿ57, ತಂದೆ ಬಾಲ್ಬ್ ಒಂದು ಕಡೆ, ತಾಯಿ ಬಾಲ್ಬ್, ತಂದೆ ಸಿ57 ಇನ್ನೊಂದು ಕಡೆ. ಈ ಹೆಣ್ಣುಮರಿಗಳ ಜೀನೋಮ್ ಒಂದೇ, ತಾಯಿ ಮಾತ್ರ ಬೇರೆ. ಪ್ರತಿಕ್ರಿಯೆಯೂ ಒಂದೇ ಬಂದರೆ ತಾಯಿಯ ಗರ್ಭ, ಹಾಲು, ಸಾಕಣೆಯ ಪಾತ್ರ ದೊಡ್ಡದಲ್ಲ ಎಂದು ಅಳೆದು ಹೇಳಿದ ಹಾಗಾಯಿತು. ಗಂಡುಮರಿಗಳಲ್ಲಿ ಎಕ್ಸ್ ತಾಯಿಯಿಂದ, ವೈ ತಂದೆಯಿಂದ ಬರುವುದರಿಂದ ಅವುಗಳ ಲೆಕ್ಕ ಬೇರೆ ಇಡಿ. ಎಫ್2 (ಆ ಮರಿಗಳನ್ನೇ ಕೂಡಿಸಿದ ಮುಂದಿನ ತಲೆಮಾರು) ಹಾಕಿ ನಕ್ಷೆ ಮಾಡಲು ನೂರಾರು ಇಲಿ ಮತ್ತು ಜೀನೋಟೈಪಿಂಗ್ ಹಣ ಬೇಕು, ಎಂ.ಫಾರ್ಮ್ ಅವಧಿಗೆ ಅದು ಹೊರೆ.

ತಳಿಗಳು ಹೆಚ್ಚು ಸಿಕ್ಕರೆ ಆನುವಂಶಿಕತೆಯ ಲೆಕ್ಕ ಹೀಗೆ: ತಳಿಗಳ ನಡುವಿನ ವೇರಿಯೆನ್ಸ್‌ನ (ಅಂಕಿಗಳ ಚದುರುವಿಕೆಯ) ಅರ್ಧವನ್ನು, ಅದೇ ಅರ್ಧ ಮತ್ತು ತಳಿಯೊಳಗಿನ ವೇರಿಯೆನ್ಸ್ ಕೂಡಿದ ಮೊತ್ತದಿಂದ ಭಾಗಿಸಿ. ಅರ್ಧ ಏಕೆಂದರೆ ಪೂರ್ತಿ ಒಳಸಂಕರಣದಲ್ಲಿ ಕೂಡುವ ಆನುವಂಶಿಕ ವೇರಿಯೆನ್ಸ್ ಇಮ್ಮಡಿಯಾಗಿ ಕಾಣುತ್ತದೆ. ತಳಿಗೆ 20 ಇಲಿಯಂತೆ 3 ತಳಿ ಮಾಡುವುದಕ್ಕಿಂತ ತಳಿಗೆ 6ರಂತೆ 10 ತಳಿ ಮಾಡಿದರೆ ಉತ್ತರ ಗಟ್ಟಿ. ಎರಡೇ ತಳಿಯಿಂದ ಈ ಸಂಖ್ಯೆ ಲೆಕ್ಕ ಹಾಕಲೇಬೇಡಿ.

ತಳಿವೃದ್ಧಿಗೂ ಪ್ರಾಣಿ ನೀತಿ ಸಮಿತಿಯ ಅನುಮತಿ ಬೇಕು, ಹುಟ್ಟುವ ಎಲ್ಲ ಮರಿಗಳ ಲೆಕ್ಕ ಫಾರ್ಮ್ ಬಿ ಅರ್ಜಿಯಲ್ಲಿ ಬರಬೇಕು. ಆಮೇಲೆ ಸೇರಿಸಲು ಹೋದರೆ ತಿಂಗಳುಗಟ್ಟಲೆ ಕಾಯಬೇಕಾದೀತು.

ಬೀಕರ್_ಭಟ್ಟ:

ಡೋಸ್ ಬಗ್ಗೆ. ಹಳೆಯ ಪ್ರಬಂಧ ನೋಡಿ ಡೋಸ್ ಇಡುವುದು ನಮ್ಮ ಕಾಲೇಜುಗಳ ದೊಡ್ಡ ರೋಗ. ಡೋಸ್ ನಿರ್ಧಾರವಾಗಬೇಕಿರುವುದು ಡಿ2 ರಿಸೆಪ್ಟರ್ ಎಷ್ಟು ತುಂಬಿತು ಎಂಬುದರಿಂದ. ಮನುಷ್ಯರಲ್ಲಿ ಪೆಟ್ ಸ್ಕ್ಯಾನ್‌ನಿಂದ ತಿಳಿದಿರುವಂತೆ ಸುಮಾರು 65% ದಾಟಿದರೆ ಚಿಕಿತ್ಸೆಗೆ ಫಲ, 78% ದಾಟಿದರೆ ಕೈಕಾಲು ಬಿಗಿತದಂಥ ಅಡ್ಡಪರಿಣಾಮ. ರ‍್ಯಾಟ್‌ಗಳಲ್ಲೂ ಹೆಚ್ಚುಕಡಿಮೆ ಹಾಗೇ: ಕಲಿತ ತಪ್ಪಿಸಿಕೊಳ್ಳುವಿಕೆ (ಸೂಚನೆ ಸಿಕ್ಕೊಡನೆ ಶಾಕಿನಿಂದ ಪಾರಾಗುವುದು, ಔಷಧಿಯ ಫಲ ಅಳೆಯುವ ಪರೀಕ್ಷೆ) ಸುಮಾರು 70%ಕ್ಕೆ ಕುಗ್ಗುತ್ತದೆ, ಕ್ಯಾಟಲೆಪ್ಸಿ 80%ದ ಮೇಲೆ. ರ‍್ಯಾಟ್‌ನಲ್ಲಿ ಚಿಕಿತ್ಸೆಯ ಮಟ್ಟ ಮುಟ್ಟಲು ಒಂದೇ ಚುಚ್ಚುಮದ್ದಿನ ಹ್ಯಾಲೊಪೆರಿಡಾಲ್ 0.04ರಿಂದ 0.08 ಮಿ.ಗ್ರಾಂ/ಕೆ.ಜಿ ಸಾಕು. ರಿಸ್ಪೆರಿಡೋನ್ 0.5ರಿಂದ 1, ಓಲಾಂಜಪೀನ್ 1ರಿಂದ 2, ಕ್ಲೋಜಪೀನ್ 5ರಿಂದ 15, ಕ್ವೆಟಿಯಾಪೀನ್ 10ರಿಂದ 25. ರ‍್ಯಾಟ್‌ಗೆ 1 ಮಿ.ಗ್ರಾಂ ಹ್ಯಾಲೊಪೆರಿಡಾಲ್ ಕೊಡುವವರು ಎಷ್ಟು ಮೇಲಿದ್ದಾರೆ ನೋಡಿ. ಇಲಿಗಳಿಗೆ ಹೆಚ್ಚು ಬೇಕಾಗುತ್ತದೆ ನಿಜ, ಆದರೂ ನಿಮ್ಮ ಮೊದಲ ಕಾಲನಿ 1 ಮಿ.ಗ್ರಾಂಗೆ ಕಟ್‌ಆಫ್‌ಗೆ ತಾಗಿ ಕೂತಿದೆ. ಅದರ ನಿಜವಾದ ಸೂಕ್ಷ್ಮತೆ ನಿಮಗೆ ಕಾಣುತ್ತಲೇ ಇಲ್ಲ.

ಆದ್ದರಿಂದ ಒಂದೇ ಡೋಸ್ ಬಿಟ್ಟು ಡೋಸ್ ರೇಖೆ ಮಾಡಿ: 0.125, 0.25, 0.5, 1, 2, 4 ಮಿ.ಗ್ರಾಂ/ಕೆ.ಜಿ. ಪ್ರತಿ ತಳಿಗೂ ಇಡಿ50 (ಅರ್ಧದಷ್ಟು ಇಲಿಗಳಲ್ಲಿ ಪರಿಣಾಮ ತೋರುವ ಡೋಸ್) ತೆಗೆದು ಅದನ್ನು ಹೋಲಿಸಿ. ಇಲಿ ಉಳಿಸಬೇಕೆಂದರೆ ಏರಿಳಿತದ ವಿಧಾನ ಇದೆ. ಮೊದಲ ಇಲಿಗೆ 1 ಮಿ.ಗ್ರಾಂ, ಅದು 60ನೇ ನಿಮಿಷಕ್ಕೆ ಸರಳಿನ ಮೇಲೆ, ಉದಾಹರಣೆಗೆ, 20 ಸೆಕೆಂಡ್ ಕೂತರೆ ಮುಂದಿನ ಇಲಿಗೆ ಅರ್ಧ, ಕೂರದಿದ್ದರೆ ಇಮ್ಮಡಿ. ಹೀಗೆ ಇಡಿ50ಯ ಸುತ್ತಲೇ ಸುತ್ತುತ್ತ ಹೋಗುವುದರಿಂದ ಕಡಿಮೆ ಇಲಿಗಳಲ್ಲಿ ಕೆಲಸ ಮುಗಿಯುತ್ತದೆ.

ಪ್ರತಿ ತಳಿಗೂ ವಾಹಕ ದ್ರವ ಮಾತ್ರ ಕೊಟ್ಟ ಗುಂಪು ಕಡ್ಡಾಯ. ಬಾಲ್ಬ್/ಸಿ ಅಂಜುಬುರುಕ ತಳಿ, ಹೊಸ ಜಾಗದಲ್ಲಿ ಔಷಧಿ ಇಲ್ಲದೆಯೂ ಹೆಪ್ಪುಗಟ್ಟಿದಂತೆ ನಿಲ್ಲಬಹುದು. ಮೂರು ದಿನ ಮೊದಲೇ ಕೈಗೆ ಅಭ್ಯಾಸ ಮಾಡಿಸಿ. ಅದೇ ಇಲಿಯನ್ನು ಅದೇ ಪೆಟ್ಟಿಗೆಯಲ್ಲಿ ದಿನವೂ ಔಷಧಿ ಕೊಟ್ಟು ಪರೀಕ್ಷಿಸಬೇಡಿ. ಜಾಗದ ನೆನಪಿಗೇ ಕ್ಯಾಟಲೆಪ್ಸಿ ದಿನದಿಂದ ದಿನಕ್ಕೆ ಏರುತ್ತದೆ, ಆಗ ನೀವು ಅಳೆಯುತ್ತಿರುವುದು ಕಲಿಕೆಯನ್ನು.

ಕ್ಲೋಜಪೀನ್ ಇಟ್ಟರೆ ಸರಳಿನ ಮೇಲೆ ಏನೂ ಕಾಣದು, ಅದು ಕ್ಯಾಟಲೆಪ್ಸಿ ತರುವ ಔಷಧಿಯೇ ಅಲ್ಲ. ಮಂಪರು ಬರುತ್ತದೆ, ಇಲಿ ತೂಕಡಿಸಿ ಜಾರಿ ಬೀಳುತ್ತದೆ. ತಳಿಭೇದ ನೋಡಬೇಕೆಂದರೆ ಬೇರೆ ಅಳತೆ ಬೇಕು, ಓಪನ್ ಫೀಲ್ಡ್ ಓಡಾಟವೋ ಪ್ರೀಪಲ್ಸ್ ಇನ್ಹಿಬಿಷನ್ನೋ (ಜೋರು ಸದ್ದಿಗೆ ಮುಂಚೆ ಸಣ್ಣ ಸದ್ದು ಕೇಳಿಸಿದರೆ ಬೆಚ್ಚುವಿಕೆ ಕುಗ್ಗುವುದು).

ಕೊನೆಯದಾಗಿ, ಮಿದುಳಲ್ಲಿ ಔಷಧಿ ಎಷ್ಟಿತ್ತು ಎಂಬ ಅಳತೆ. ಡಾಕ್ಟ್ರು ಹೇಳಿದ್ದು ಅದನ್ನೇ. ಔಷಧಿ ಒಡೆಯುವ ಯಕೃತ್ತಿನ ಕಿಣ್ವಗಳಲ್ಲೂ ವ್ಯತ್ಯಾಸ ಇರುತ್ತದೆ. ಡಾರ್ಕ್ ಅಗೌಟಿ ರ‍್ಯಾಟ್‌ನಲ್ಲಿ ಸಿವೈಪಿ2ಡಿ ಗುಂಪಿನ ಒಂದು ಕಿಣ್ವದ ಕೊರತೆ ಪ್ರಸಿದ್ಧ. ಮನುಷ್ಯರಲ್ಲಿ ಹ್ಯಾಲೊಪೆರಿಡಾಲ್ ಅರ್ಧಾಯು 12ರಿಂದ 36 ಗಂಟೆ, ರ‍್ಯಾಟ್‌ಗಳಲ್ಲಿ ಬರೀ ಒಂದೂವರೆ-ಎರಡು ಗಂಟೆ. ಇಷ್ಟು ಬೇಗ ಇಳಿಯುವಾಗ ತಳಿಗಳ ನಡುವೆ ಸ್ವಲ್ಪ ವೇಗ ಬದಲಾದರೂ 90ನೇ ನಿಮಿಷದ ಅಂಕಿ ತಲೆಕೆಳಗು. ಆದ್ದರಿಂದ ಪ್ರತಿ ತಳಿಯ ನಾಲ್ಕೈದು ಇಲಿಗಳನ್ನು 60ನೇ ನಿಮಿಷಕ್ಕೆ ಬಲಿಕೊಟ್ಟು ರಕ್ತ ಮತ್ತು ಮಿದುಳು ಎರಡನ್ನೂ ಔಷಧಿಯ ಪ್ರಮಾಣ ಅಳೆಯುವ ಎಲ್‌ಸಿ-ಎಂಎಸ್‌ಗೆ ಕಳಿಸಿ. ಮಿದುಳಿನ ಮಟ್ಟ ಸಮ, ವರ್ತನೆ ಬೇರೆ ಎಂದು ಬಂದರೆ ಆಗ ರಿಸೆಪ್ಟರ್ ಮತ್ತು ಅದರ ಕೆಳಗಿನ ಸರಪಳಿಯ ಮಾತು ಎತ್ತಬಹುದು.

ಪಿ_ಮೌಲ್ಯ:

ಕಟ್‌ಆಫ್ ಇರುವ ದತ್ತಾಂಶಕ್ಕೆ ಸರಾಸರಿ ± ಎಸ್‌ಇಎಂ (ಸರಾಸರಿಯ ಅನಿಶ್ಚಿತತೆ) ಹಾಕಿ ಅನೋವಾ (ಸರಾಸರಿಗಳನ್ನು ಹೋಲಿಸುವ ಪರೀಕ್ಷೆ) ಮಾಡಬೇಡಿ. 180 ಎಂದು ಬರೆದದ್ದು "180 ಅಥವಾ ಅದಕ್ಕಿಂತ ಹೆಚ್ಚು". ಇದು ಸೆನ್ಸಾರ್ ಆದ ಅಳತೆ. ಇಳಿಯುವ ಸಮಯವನ್ನು ಸರ್ವೈವಲ್ ವಿಶ್ಲೇಷಣೆಗೆ (ಒಂದು ಘಟನೆಗೆ ಎಷ್ಟು ಹೊತ್ತು ಹಿಡಿಯಿತು ಎಂಬುದರ ಲೆಕ್ಕ) ಹಾಕಿ, ಕಾಕ್ಸ್ ಮಾದರಿ ಸಾಕು, ಆರ್ ತಂತ್ರಾಂಶದಲ್ಲಿ ಉಚಿತವಾಗಿ ಆಗುತ್ತದೆ. ಒಂದೇ ಇಲಿಯ ನಾಲ್ಕು ಸಮಯದ ಅಂಕಿಗಳು ನಾಲ್ಕು ಇಲಿಗಳಲ್ಲ, ಇಲಿಯ ಗುರುತನ್ನು ಮಾದರಿಯಲ್ಲಿ ಸೇರಿಸಬೇಕು. ಒಂದೇ ಸೂಲಿನ ಮರಿಗಳೂ ಪೂರ್ತಿ ಸ್ವತಂತ್ರವಲ್ಲ. ಒಂದು ತಳಿಯ 8 ಇಲಿ ಎಲ್ಲವೂ ಒಂದೇ ತಾಯಿಯವಾದರೆ ನಿಮ್ಮ ಎನ್ 8 ಎನ್ನುವುದು ಧೈರ್ಯದ ಮಾತು. ಮುಖ್ಯ ಪ್ರಶ್ನೆ ತಳಿ ಮತ್ತು ಡೋಸ್‌ಗಳ ಇಂಟರಾಕ್ಷನ್, ಅಂದರೆ ಡೋಸಿನ ಪರಿಣಾಮ ತಳಿಯಿಂದ ತಳಿಗೆ ಬದಲಾಗುತ್ತದೆಯೇ ಎಂಬುದು. "ಸಿ57ನಲ್ಲಿ ಪಿ 0.03, ಬಾಲ್ಬ್‌ನಲ್ಲಿ 0.08, ಆದ್ದರಿಂದ ತಳಿಭೇದ ಇದೆ" ಎಂಬುದು ಆ ಪರೀಕ್ಷೆ ಅಲ್ಲ.

ಗುಳಿಗೆಪುರಾಣ:

ಡೋಸ್ ರೇಖೆ ಮತ್ತು ಎರಡೂ ದಿಕ್ಕಿನ ಎಫ್1 ಸೇರಿಸಿ ಹೊಸ ಅರ್ಜಿ ಬರೆಯುತ್ತೇನೆ. ಕ್ಲೋಜಪೀನ್‌ಗೆ ಪ್ರೀಪಲ್ಸ್ ಇನ್ಹಿಬಿಷನ್ ಎಂದಿರಿ. ಪಕ್ಕದ ವಿಭಾಗದಲ್ಲಿ ಸ್ಟಾರ್ಟಲ್ (ಬೆಚ್ಚುವಿಕೆ ಅಳೆಯುವ) ಪೆಟ್ಟಿಗೆ ಇದೆ. ತಳಿಗಳನ್ನು ಹೋಲಿಸುವಾಗ ಅದರಲ್ಲಿ ಏನು ಎಚ್ಚರಿಕೆ?

ಕ್ರೋಮೋಸೋಮ್_ಕಟ್ಟೆ:

ಕಿವಿ. ಸಿ57ಬಿಎಲ್/6ಜೆ ಮತ್ತು ಡಿಬಿಎ/2ಜೆ ಎರಡರಲ್ಲೂ ಸಿಡಿಎಚ್23 ಜೀನಿನ ವಯೋಸಹಜ ಕಿವುಡಿನ ಅಲೀಲ್ ಇದೆ. ಸಿ57ನಲ್ಲಿ ಹೆಚ್ಚು ಕಂಪನದ ಶಬ್ದ ಕೇಳಿಸದಾಗಲು ತಿಂಗಳುಗಳು ಹಿಡಿಯುತ್ತವೆ. ಡಿಬಿಎಯಲ್ಲಿ ಇನ್ನೊಂದು ಜೀನಿನ ದೋಷವೂ ಕೂಡಿ, ಹಾಲು ಬಿಡುವ ವಯಸ್ಸಿನ ಹೊತ್ತಿಗೇ ಶುರುವಾಗುತ್ತದೆ. ಡಿಬಿಎಯ ಪ್ರೀಪಲ್ಸ್ ಇನ್ಹಿಬಿಷನ್ ಮೊದಲೇ ಕಡಿಮೆ, ಆಂಟಿಸೈಕೋಟಿಕ್ ಕೊಟ್ಟರೆ ಏರುತ್ತದೆ ಎಂಬ ಕಾರಣಕ್ಕೇ ಅದು ಜನಪ್ರಿಯ, ಆದರೆ ಕೇಳಿಸದ ಪ್ರೀಪಲ್ಸ್‌ಗೆ ಇನ್ಹಿಬಿಷನ್ ಎಲ್ಲಿಂದ ಬಂದೀತು? ಎಲ್ಲ ತಳಿಯನ್ನೂ ಒಂದೇ ವಯಸ್ಸಿಗೆ, 8 ವಾರದ ಆಸುಪಾಸಿನಲ್ಲಿ ಮುಗಿಸಿ. ಒಂದೇ ಸ್ವರ ಬೇಡ, ಬಿಳಿ ಸದ್ದು ಬಳಸಿ.

ಸಾಮಾನ್ಯ ಹೊಂದಿಕೆ: ಹಿನ್ನೆಲೆ ಸದ್ದು 65–70 ಡೆಸಿಬಲ್, ಬೆಚ್ಚಿಸುವ ಸದ್ದು 120 ಡೆಸಿಬಲ್ 40 ಮಿಲಿಸೆಕೆಂಡ್, ಅದಕ್ಕೆ 100 ಮಿಲಿಸೆಕೆಂಡ್ ಮೊದಲು 20 ಮಿಲಿಸೆಕೆಂಡಿನ ಪ್ರೀಪಲ್ಸ್, ಹಿನ್ನೆಲೆಗಿಂತ 4, 8, 12, 16 ಡೆಸಿಬಲ್ ಹೆಚ್ಚು. ಪೆಟ್ಟಿಗೆಗೆ ಹಾಕಿದ ಮೇಲೆ 5 ನಿಮಿಷ ಬಿಡಿ. ಪ್ರತಿ ತಳಿಯ ಬರೀ ಬೆಚ್ಚುವಿಕೆಯ ಅಂಕಿಯನ್ನೂ ಪ್ರತ್ಯೇಕ ಕೋಷ್ಟಕದಲ್ಲಿ ಕೊಡಿ. ಕ್ಲೋಜಪೀನ್ ಬೆಚ್ಚುವಿಕೆಯನ್ನೇ ಇಳಿಸುತ್ತದೆ. ಆಗ ಶೇಕಡಾವಾರು ಇನ್ಹಿಬಿಷನ್‌ನ ಛೇದ ಸಣ್ಣದಾಗಿ ಅಂಕಿ ಎತ್ತೆತ್ತಲೋ ಹಾರುತ್ತದೆ.

ಮತ್ತೆ, ಅರ್ಜಿಯಲ್ಲೂ ಪ್ರಬಂಧದಲ್ಲೂ ತಳಿಯ ಹೆಸರನ್ನು ಸರಬರಾಜುದಾರರ ದಾಖಲೆಯಲ್ಲಿ ಇರುವ ಹಾಗೆ ಕೊನೆಯ ಅಕ್ಷರದವರೆಗೆ ಬರೆಯಿರಿ. ಅವರು ಬರೀ "ಸಿ57" ಎಂದು ಕೊಟ್ಟಿದ್ದರೆ ಬಾಲದ ತುದಿಯ ಚೂರಿನಿಂದ ಡಿಎನ್‌ಎ ತೆಗೆದು ಆಲ್ಫಾ-ಸಿನ್ಯೂಕ್ಲೀನ್ ಜೀನಿಗೆ ಒಂದು ಪಿಸಿಆರ್ (ಜೀನಿನ ತುಣುಕು ಇದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿ. ಖಚಿತವಾಗಿ ಜೀನ್ ಇರುವ ಇನ್ನೊಂದು ತಳಿಯ ಡಿಎನ್‌ಎಯನ್ನು ಪಕ್ಕದ ಲೇನಿನಲ್ಲಿ ಓಡಿಸಿ, ನಿಮ್ಮ ಬಾಲ್ಬ್/ಸಿ ಸಾಕು. ಅದರಲ್ಲಿ ಬ್ಯಾಂಡ್ ಬಂದು ಸಿ57ನಲ್ಲಿ ಬಾರದಿದ್ದರೆ, ಬೇರೊಂದು ಜೀನಿನ ಪಿಸಿಆರ್ ಅದೇ ಡಿಎನ್‌ಎಯಲ್ಲಿ ಕೆಲಸ ಮಾಡುತ್ತದೆಯೇ ನೋಡಿಕೊಂಡು, ಇಲಿಗಳನ್ನು ಬದಲಿಸಿ.